ಅಡುಗೆಮನೆಯ ಹನ್ನೆರಡು ಫ್ಯಾನುಗಳು

ಹರಿಹರದಿಂದ ಅಕ್ಕ ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದುದು ಅವಳ ದನಿಯಲ್ಲ, ಫ್ಯಾನುಗಳ ಕಿರುಚಾಟ. ಅದನ್ನು ಮೀರಿಸಿ ಆಮೇಲೆ ಅವಳ ಕೂಗು.

“ಜೋರಾಗಿ ಮಾತಾಡೋ, ಏನೂ ಕೇಳಸ್ತಿಲ್ಲ. ಈ ಫ್ಯಾನ್ ಯಾವಾಗ ಬದ್ಲು ಮಾಡ್ಕೊಡ್ತಿ? ನನ್ ತಲಿ ಮೊಸರು ಕಡಿಯೋ ಗಡಿಗಿ ಆಗೈತೆ.”

“ಬರೋ ವಾರ ಬರ್ತೀನಕ್ಕ” ಎಂದು ನಾನೂ ಕೂಗುತ್ತಿದ್ದೆ. ಆ ಬರೋ ವಾರ ಬರಲು ಒಂದೂವರೆ ವರ್ಷ ಹಿಡಿಯಿತು. ದಾವಣಗೆರೆಗೂ ಹರಿಹರಕ್ಕೂ ಇರುವುದು ಅರ್ಧ ಗಂಟೆಯ ಬಸ್ಸಿನ ದಾರಿ.

ನಾನು ಮೋಟರ್ ರಿವೈಂಡಿಂಗ್ ಮಾಡುವವನು. ಆವರಗೆರೆ ಕಡೆಗೆ ಹೋಗುವ ರಸ್ತೆಯಲ್ಲಿ ಅಂಗಡಿ. ಸುಟ್ಟುಹೋದ ಪಂಪು, ಮಿಕ್ಸಿ, ಕೂಲರ್ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಕೆಲಸ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರೆ ಸಾಕು, ಯಾವ ಕಡೆಯ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತೇನೆ. ಆ ಜಂಭ ನನಗೆ ಯಾವಾಗಲೂ ಇತ್ತು. ಯಂತ್ರದ ಕಾಯಿಲೆಯನ್ನು ಸದ್ದಿನಲ್ಲೇ ಹಿಡಿಯುವವನಿಗೆ ಒಡಹುಟ್ಟಿದವಳ ಕಿವಿ ಹೋಗುತ್ತಿರುವುದು ಗೊತ್ತಾಗಲಿಲ್ಲ. ಈಗ ಯಾರಾದರೂ ನನ್ನ ಕೈಗುಣ ಹೊಗಳಿದರೆ ಮೈ ಉರಿಯುತ್ತದೆ.

ಭಾವ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದವರು. ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂತರು. ಅಕ್ಕ ಜೋಳದ ರೊಟ್ಟಿ ತಟ್ಟಿ ಖಾನಾವಳಿಗಳಿಗೆ ಕೊಡುತ್ತಿದ್ದಳು, ಬೆಳಗ್ಗೆ ಒಲೆ ಮುಂದೆ ಕೂತರೆ ಏಳುವುದು ಸಂಜೆಗೆ. ಕೈ ಖಾಲಿಯಿದ್ದ ಭಾವನ ಕಣ್ಣಿಗೆ ಮೊಬೈಲಿನಲ್ಲಿ ಬಿಟ್‌ಕಾಯಿನ್ ಬಿತ್ತು. ಯಾರೋ ಬಳಸಿ ಬಿಟ್ಟ ಮೂರು ಯಂತ್ರಗಳನ್ನು ಬೆಂಗಳೂರಿನಿಂದ ತಂದರು. ಒಂದೊಂದೂ ಬೂಟಿನ ಡಬ್ಬಿಗಿಂತ ತುಸು ದೊಡ್ಡದು. ಬಿಡುವಿಲ್ಲದೆ ಏನೋ ಲೆಕ್ಕ ಬಿಡಿಸುತ್ತವಂತೆ, ಅದರಿಂದ ಕಣ್ಣಿಗೆ ಕಾಣದ ನಾಣ್ಯದ ಚೂರು ಹುಟ್ಟುತ್ತದಂತೆ. ನನಗೆ ಅರ್ಥವಾಗಿದ್ದು ಇಷ್ಟೇ: ಒಳಗಿನ ಚಿಪ್‌ಗಳು ಕೆಂಡದ ಹಾಗೆ ಕಾಯುತ್ತವೆ, ತಣಿಸಲು ಮುಂದೆ ಎರಡು, ಹಿಂದೆ ಎರಡು ಫ್ಯಾನು ಇವೆ, ಅವು ಜೀವ ಹೋಗುವವರ ಹಾಗೆ ಅರಚುತ್ತವೆ. ಓಣಿಯವರು ಅದಕ್ಕೆ ಬಿಟ್‌ಕಾಯಿನ್ ಗಿರಣಿ ಎಂದು ಹೆಸರಿಟ್ಟರು. ಹಿಟ್ಟು ಮಾತ್ರ ಬೀಳುವುದಿಲ್ಲ ಎಂದು ನಗುತ್ತಿದ್ದರು.

ಮೊದಲು ಯಂತ್ರಗಳು ಇದ್ದುದು ಬೀದಿ ಬದಿಯ ಕೋಣೆಯಲ್ಲಿ. ಅಷ್ಟರಲ್ಲಿ ಪಕ್ಕದ ಮನೆಯ ಮಗಳು ಹೆರಿಗೆಗೆ ತವರಿಗೆ ಬಂದಳು. ಬಾಣಂತಿ ಕೋಣೆಗೂ ನಮ್ಮ ಯಂತ್ರಗಳಿಗೂ ನಡುವೆ ಒಂದೇ ಗೋಡೆ. ಕೂಸು ಬೆಚ್ಚಿ ಬೀಳುತ್ತದೆ ಎಂದು ಆ ಮನೆಯ ಹಿರಿಯರು ಬಂದು ಕೈಮುಗಿದು ಹೇಳಿದರು. ಬಾಣಂತಿ ಮನೆ ಎಂದ ಮೇಲೆ ಮುಗಿಯಿತು, ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ. ಅವತ್ತು ಯಂತ್ರ ಹೊತ್ತವನು ನಾನೇ. ಅಡುಗೆಮನೆಗೆ ಅಂಟಿಕೊಂಡು ಬಾಗಿಲಿಲ್ಲದ ಒಂದು ಉಗ್ರಾಣವಿತ್ತು. ಅಲ್ಲಿ ಹಲಗೆ ಹೊಡೆದೆ, ಹೊಸ ವೈರು ಎಳೆದೆ, ಸದ್ದು ಹೊರಗೆ ಹೋಗದಿರಲೆಂದು ಅಡುಗೆಮನೆಯ ಕಿಟಕಿಗೆ ಪ್ಲೈವುಡ್ ಬಡಿದೆ. ಬೀದಿಗೆ ಬಂದು ನಿಂತು ಕಿವಿಗೊಟ್ಟೆ. ಒಂದಿಷ್ಟೂ ಕೇಳಲಿಲ್ಲ. ಪಕ್ಕದವರು ಸಕ್ಕರೆ ಕೊಟ್ಟರು, ತಿಂದೆ. ಪರರ ಕೂಸಿಗೆ ಒಳ್ಳೆಯದು ಮಾಡಿದೆವೆಂಬ ಖುಷಿ ಎಲ್ಲರಿಗೂ ಇತ್ತು, ಅಕ್ಕನಿಗೂ. ಒಲೆ ಮುಂದೆ ದಿನವಿಡೀ ಕೂರುವವಳು ಅವಳು ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಬಾಣಂತಿ ಐದು ತಿಂಗಳಿಗೆ ಗಂಡನ ಮನೆಗೆ ಹೋದಳು. ಯಂತ್ರಗಳು ಅಲ್ಲೇ ಉಳಿದವು.

ಸದ್ದು ಕಡಿಮೆಯಿರುವ ಫ್ಯಾನು ಹಾಕಬಹುದಿತ್ತು. ಆದರೆ ಅವು ನಿಧಾನ ತಿರುಗುತ್ತವೆ, ಗಾಳಿ ಕಡಿಮೆ. ಅವನ್ನು ಹಾಕಿದರೆ ಯಂತ್ರದ ವೇಗವನ್ನೂ ಇಳಿಸಬೇಕು. ಅದಕ್ಕೆ ಭಾವ ಒಪ್ಪುತ್ತಿರಲಿಲ್ಲ. “ಎತ್ತಿಗೆ ಮೂಗುದಾರ ಬಿಗದಂಗೆ ಆಗ್ತೈತೆ, ಬ್ಯಾಡ” ಎನ್ನುತ್ತಿದ್ದರು. ಅವರು ಬೇಡವೆಂದಿದ್ದು ನನ್ನ ಸೋಮಾರಿತನಕ್ಕೂ ಅನುಕೂಲವೇ ಆಯಿತು. ಕೊನೆಗೆ ಒಂದು ಫ್ಯಾನು ಬೇರಿಂಗ್ ಹೋಗಿ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಕಟಕಟ ಶುರುಮಾಡಿದಾಗ, ಅಕ್ಕ ಹಿಟ್ಟಿನ ಪಾತ್ರೆ ತೆಗೆದು ಅಂಗಳಕ್ಕೆ ಎಸೆದಳಂತೆ. ಆಗ ಭಾವ ತಾವೇ ಫೋನ್ ಮಾಡಿ “ಬಾರಪ್ಪ” ಎಂದರು.

ಬೆಳಗ್ಗೆಯೇ ಹೋದೆ. ಮೂರು ಯಂತ್ರ, ಹನ್ನೆರಡು ಫ್ಯಾನು. ಒಂದೊಂದಕ್ಕೂ ನಾಲ್ಕು ಸ್ಕ್ರೂ, ನಾಲ್ಕು ತಂತಿಯ ಒಂದು ಪ್ಲಗ್ಗು. ಹಳೆಯ ರೆಕ್ಕೆಗಳ ಮೇಲೆ ಜೋಳದ ಹಿಟ್ಟು ಎಣ್ಣೆಯ ಜಿಡ್ಡಿಗೆ ಮೆತ್ತಿ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದರೂ ಬರಲಿಲ್ಲ. ಫ್ಯಾನು ಎಷ್ಟು ಸುತ್ತು ತಿರುಗುತ್ತಿದೆ ಎಂಬ ಸುದ್ದಿ ಒಂದು ತಂತಿಯಲ್ಲಿ ಯಂತ್ರಕ್ಕೆ ಹೋಗಬೇಕು, ಹೋಗದಿದ್ದರೆ ಅದು ಓಡುವುದೇ ಇಲ್ಲ. ಪ್ಲಗ್ಗು ಕೂಡದ ಕಡೆ ತಂತಿ ಕತ್ತರಿಸಿ ಬೆಸುಗೆ ಹಾಕಿದೆ. ಭಾವ ಮೊಬೈಲಿನಲ್ಲಿ ಯಂತ್ರದ ವೇಗ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮೂರನ್ನೂ ಹಚ್ಚಿದೆವು. ಮನೆಯ ಮಾಮೂಲಿ ಸೀಲಿಂಗ್ ಫ್ಯಾನಿನಷ್ಟೇ ಸದ್ದು. ಹೊರಗೆ ಸೌತೆಕಾಯಿ ಮಾರುವವನ ಕೂಗು ಎರಡು ವರ್ಷದ ಮೇಲೆ ಮೊದಲ ಸಲ ಆ ಅಡುಗೆಮನೆಯೊಳಕ್ಕೆ ಬಂತು. ಭಾವನ ಮುಖವೂ ಸಡಿಲವಾಯಿತು. ನನಗೋ, ಭುಜ ನಾನೇ ತಟ್ಟಿಕೊಳ್ಳುವಷ್ಟು ಹಿಗ್ಗು.

ಅಕ್ಕ ನಮಗೆ ಬೆನ್ನು ಹಾಕಿ ರೊಟ್ಟಿ ಬೇಯಿಸುತ್ತಿದ್ದಳು. ತಿರುಗಿ, ಎಂದಿನ ಹಾಗೆ ಕೂಗಿದಳು. “ಇನ್ನೂ ಎಷ್ಟ್ ಹೊತ್ತೋ? ಹೊಸಾವು ಯಾವಾಗ ಹಾಕ್ತಿ?”

“ಹಾಕಿ ಆಯ್ತಲ್ಲಕ್ಕ. ಓಡ್ತಾ ಅದಾವೆ ನೋಡು.”

“ಮತ್ತೆ ಸದ್ದು ಹಂಗೇ ಐತಲ್ಲ. ಏನು ರಿಪೇರಿ ಮಾಡ್ದಿ?”

ನನಗೆ ಸಿಟ್ಟು ಬಂತು. ಬೆನ್ನು ಬಗ್ಗಿಸಿ ದುಡಿದವನಿಗೆ ಇದೇ ಮರ್ಯಾದೆಯೇ ಎನಿಸಿತು. ಸ್ವಿಚ್ಚು ಆರಿಸಿದೆ. ಮೂರೂ ಯಂತ್ರ ನಿಂತವು. “ಈಗ ಹೇಳು, ಎಲ್ಲೈತೆ ಸದ್ದು?” ಎಂದೆ.

ಅವಳು ತಿರುಗದ ಫ್ಯಾನುಗಳನ್ನು ನೋಡಿದಳು. ಹಿಟ್ಟಿನ ಕೈಯನ್ನು ಕಿವಿಯ ಮೇಲಿಟ್ಟುಕೊಂಡಳು, ತೆಗೆದಳು, ಮತ್ತೆ ಇಟ್ಟುಕೊಂಡಳು. “ಬರ್ತಾನೇ ಐತಲ್ಲೋ” ಎಂದಳು. ಭಾವ ಅವಳ ಹಿಂದಿನಿಂದ ಮೆಲ್ಲಗೆ “ಲೇ, ಇಲ್ಲಿ ನೋಡು” ಎಂದರು. ಇನ್ನೊಮ್ಮೆ ಕರೆದರು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

ಎಲ್ಲವೂ ಆಮೇಲೆ ಒಂದೊಂದಾಗಿ ನೆನಪಾಯಿತು. ಕರೆಂಟ್ ಹೋದಾಗಲೂ ಅವಳು ಕೂಗಿಯೇ ಮಾತಾಡುತ್ತಿದ್ದಳು, ರೂಢಿ ಅಂದುಕೊಂಡೆವು. ನಮ್ಮ ಮನೆಗೆ ಬಂದರೆ ಟಿವಿ ಸದ್ದು ಏರಿಸುತ್ತಿದ್ದಳು, ನನ್ನ ಹೆಂಡತಿ ಮುನಿಸಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದರಿಂದ ಯಾರಿಗೆ ಕೇಳುತ್ತದೆ, ಯಾರಿಗೆ ಕೇಳುವುದಿಲ್ಲ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಮರುದಿನ ದಾವಣಗೆರೆಯ ಕಿವಿ ಡಾಕ್ಟರ ಹತ್ತಿರ ಕರೆತಂದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಕೈ ಎತ್ತಿರಿ ಎಂದರು. ನಾನು ಹೊರಗಿನಿಂದ ನೋಡುತ್ತಿದ್ದೆ. ಅಕ್ಕ ಪರೀಕ್ಷೆಗೆ ಕೂತ ಹುಡುಗಿಯಂತೆ ನೆಟ್ಟಗೆ ಕೂತಿದ್ದಳು. ಕೈ ಎದ್ದಿದ್ದು ಬಹಳ ಕಡಿಮೆ. ಡಾಕ್ಟರು ಚೀಟಿಯ ಮೇಲಿನ ಗೆರೆ ತೋರಿಸಿ, “ನರ ಹೋಗಿದಾವ್ರಿ. ಇವು ಮತ್ತೆ ಬರಲ್ಲ. ಕಿವಿಗೆ ಮೆಷಿನ್ ಹಾಕಿದ್ರೆ ಅಲ್ಪಸ್ವಲ್ಪ ಕೇಳ್ಬಹುದು. ಒಳಗಿನ ಗುಂಯ್ ಸದ್ದಂತೂ ಹಂಗೇ ಇರ್ತದೆ” ಎಂದರು. ಒಂದು ವರ್ಷ ಮೊದಲೇ ಆ ಜಾಗ ಬಿಡಿಸಿದ್ದರೆ ಎಂದು ಏನೋ ಹೇಳಹೊರಟು, ನನ್ನ ಮುಖ ನೋಡಿ ಚೀಟಿ ಮಡಚಿ ಕೊಟ್ಟರು.

ಹರಿಹರಕ್ಕೆ ವಾಪಸು ಬಿಟ್ಟು, ಉಳಿದ ಸಾಮಾನು ತೆಗೆದುಕೊಳ್ಳಲು ಉಗ್ರಾಣಕ್ಕೆ ಹೋದೆ. ಹಳೆಯ ಫ್ಯಾನುಗಳು ಗೋಣಿಚೀಲದಲ್ಲಿದ್ದವು. ಡಾಕ್ಟರ ಮಾತನ್ನೆಲ್ಲ ನನ್ನಿಂದ ಕೇಳಿಸಿಕೊಂಡ ಭಾವ ಅಡುಗೆಮನೆಯಲ್ಲಿ ನಿಂತು ಆ ಚೀಲವನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ. ಜೋಳ ಬೀಸಿಸಿಕೊಂಡು ಬಾ ಎಂದು ಹೇಳುವವರ ದನಿಯಲ್ಲೇ ಹೇಳಿದರು:

“ಹೆಂಗೂ ಆಕಿಗೆ ಕೇಳ್ಸಲ್ಲ. ಹಳೇವೇ ಹಾಕಿಬಿಡು. ಮೆಷಿನ್ ಅರ್ಧಕ್ಕರ್ಧ ನಿಧಾನ ಆಗೈತೆ.”

ಅಕ್ಕ ಒಲೆ ಹಚ್ಚುತ್ತಿದ್ದವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಏನಂದರು ಎಂದು ಅವಳು ಕೇಳಿದರೆ ಆ ಮಾತನ್ನು ನಾನು ಕೂಗಿಯೇ ಹೇಳಬೇಕಿತ್ತು, ಮೆಲ್ಲಗೆ ಹೇಳುವ ಉಪಾಯವಿರಲಿಲ್ಲ. ಆದರೆ ಅವಳು ಕೇಳಲಿಲ್ಲ.

“ಅವರು ಅಂದಿದ್ದು ತಿಳೀತು” ಎಂದಳು. “ತುಟಿ ನೋಡಿದ್ರೆ ಸಾಕು ನಂಗೆ. ಇಷ್ಟ್ ದಿನ ಹಂಗೇ ಅಲ್ಲೇನು? ಹಾಕ್ಕೊಡು ತಮ್ಮಾ.”

ಅಷ್ಟು ಹೇಳಿ ಒಲೆಯ ಕಡೆ ತಿರುಗಿ ಹಿಟ್ಟು ನಾದತೊಡಗಿದಳು.

ನಾನು ಗೋಣಿಚೀಲವನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದೆ. ಸುತ್ತಿಗೆ ತಂದು ಒಂದೊಂದೇ ಫ್ಯಾನನ್ನು ಒಡೆದೆ. ಹನ್ನೆರಡನ್ನೂ ಒಡೆದೆ. ಪಕ್ಕದ ಮನೆಯವರು ಕಿಟಕಿ ತೆರೆದು ಅದೇನು ಸದ್ದು ಎಂದು ಕೇಳಿದರು, ಎದುರು ಮನೆಯ ನಾಯಿ ಬೊಗಳಿತು, ಭಾವ ಓಡಿ ಬಂದು ನನ್ನ ಕೈ ಹಿಡಿದರು. ಹಿತ್ತಲ ಬಾಗಿಲಿನಿಂದ ಆರೇಳು ಹೆಜ್ಜೆ ದೂರದಲ್ಲಿ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ.