ಇನ್ನೂರ ಹನ್ನೆರಡನೆಯ ಸಾಲು

ಇಪ್ಪತ್ತೊಂಬತ್ತು ವರ್ಷ ಆಕೆ ಮಾಡದ ತಪ್ಪಿಗೆ ಕ್ಷಮೆ ಕೇಳಿದಳು. ಟಿವಿಯಲ್ಲಿ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಬಂದು ಮುಂದೇನೆಂದು ಹೇಳುವ ಉದ್ಘೋಷಕಿ ಆಕೆ. ಆದರೆ ಊರಿಗೆ ನೆನಪುಳಿದದ್ದು ಟೇಪು ಸಿಕ್ಕಿಕೊಂಡಾಗ ಕಾಣುವ ಆ ಮುಖ, ‘ಅಡಚಣೆಗಾಗಿ ಕ್ಷಮೆ ಇರಲಿ’ ಎಂಬ ಆ ಸಾಲು. ಬೀದಿಯಲ್ಲಿ ಆಕೆಯ ಹೆಸರು ಅಡಚಣೆ ಅಕ್ಕ.

“ಆಟ ಮುಗಿಯೋಕೆ ಎರಡೇ ನಿಮಿಷ ಇತ್ತು. ಆಗಲೇ ವಕ್ಕರಿಸಿದ್ರಲ್ಲ ತಾಯಿ,” ಎಂದು ಅಂಗಡಿಯವನು ಸೋಪನ್ನು ಕುಕ್ಕಿದ್ದುಂಟು.

ಅತ್ತೆಯದು ಬೇರೆ ದೂರು. “ಮನೇಲಿ ಒಂದಿನ ತಪ್ಪಾಯ್ತು ಅಂದವಳಲ್ಲ. ಊರಿಗೆಲ್ಲ ಕ್ಷಮೆ ಕೇಳ್ತಾಳೆ.”

“ಅಲ್ಲಿ ಸಂಬಳ ಕೊಡ್ತಾರೆ ಅತ್ತೆ.”

ಆಕೆ ಕೂರುತ್ತಿದ್ದ ಕೋಣೆಗೆ ಕಿಟಕಿ ಇರಲಿಲ್ಲ. ಒಂದು ಮೇಜು, ಒಂದು ಗಡಿಯಾರ, ಒಂದು ಕೆಂಪು ದೀಪ. ಕ್ಯಾಮೆರಾಗೆ ಕಾಣುವಷ್ಟು ಮೈಗೆ ಇಸ್ತ್ರಿ ಬಟ್ಟೆ, ಮೇಜಿನ ಕೆಳಗೆ ರಬ್ಬರ್ ಚಪ್ಪಲಿ. ದೀಪ ಹತ್ತಿದರೆ ಮಾತು, ಆರಿದರೆ ಮೌನ. ಎಲ್ಲವೂ ನೇರ ಪ್ರಸಾರ. ಆಕೆಯ ಮಾತನ್ನು ಯಾರೂ ಟೇಪಿಗೆ ತುಂಬಿಟ್ಟುಕೊಳ್ಳಲಿಲ್ಲ.

ಆ ಕುರ್ಚಿಯಲ್ಲಿ ಆಕೆ ಬಿಟ್ಟರೆ ಕೂತವನು ಒಬ್ಬನೇ, ಆಕೆಯೇ ತರಬೇತಿ ಕೊಟ್ಟ ಹುಡುಗ. ಎರಡನೆಯ ವಾರವೇ ಅವನು ನಾಟಕವೊಂದರ ಕೊನೆಯ ಟೇಪನ್ನು ಮೊದಲು ಹಾಕಿಸಿದ. ಸತ್ತ ನಾಯಕ ಅರ್ಧ ಗಂಟೆಯ ನಂತರ ಮದುವೆಯಾದ. ಅಂದೂ ತೆರೆಗೆ ಬಂದು ಕ್ಷಮೆ ಕೇಳಿದವಳು ಆಕೆ. ಹುಡುಗ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದ. ಆಮೇಲೂ ಆಕೆಗೆ ತಪ್ಪಾಯ್ತು ಎನ್ನಲಿಲ್ಲ.

ವರ್ಷಗಳ ನಂತರ ಅವನೇ ಟಿವಿ ಕೇಂದ್ರದ ನಿರ್ದೇಶಕನಾಗಿ ಬಂದ. ಬಂದ ತಿಂಗಳಲ್ಲೇ ಒಂದು ಪಟ್ಟಿ ಕೊಟ್ಟ: ಇನ್ನೂರ ಹನ್ನೆರಡು ಸಾಲು. ಎಲ್ಲವನ್ನೂ ಆಕೆ ಓದಿ ಧ್ವನಿ ತುಂಬಿಸಬೇಕು. ಇನ್ನು ಮುಂದೆ ಹೊಸ ಯಂತ್ರವೇ ಸಾಲು ಆರಿಸಿ ನುಡಿಸುತ್ತದೆ. ತುಂಬಿಸಿದ ಮರುದಿನದಿಂದ ಕುರ್ಚಿ ಇಲ್ಲ. ಒಲ್ಲೆನೆಂದರೆ ಅಂದಿನಿಂದಲೇ ಇಲ್ಲ.

“ಗುರುವಿಗೇ ತಿರುಮಂತ್ರ ಹಾಕ್ತಿದೀಯ,” ಎಂದಳು.

“ಹಾಗಂದ್ಕೋಬೇಡಿ ಅಕ್ಕ. ನಿಮ್ಮ ಧ್ವನಿ ಶಾಶ್ವತವಾಗುತ್ತೆ.”

“ನಾನೇನು ಸತ್ತಿದೀನಾ?”

ಮೂರು ದಿನ ಓದಿದಳು. ಇನ್ನೂರ ಹನ್ನೊಂದನೆಯದು: ‘ನಮ್ಮೊಂದಿಗೇ ಇರಿ, ಒಳ್ಳೆಯದು ಇನ್ನೂ ಬರಲಿದೆ.’ ಅದನ್ನು ಮುಗಿಸಿ ಹೆಡ್‌ಫೋನ್ ಕಳಚಿಟ್ಟಳು.

“ಕ್ಷಮೆ ಸಾಲು ಬಾಕಿ ಇದೆ,” ಎಂದ ನಿರ್ದೇಶಕ.

“ಅದು ನನ್ನ ಬಾಕಿ ಅಲ್ಲ. ನಿಂದು.”

ನಿರ್ದೇಶಕ ನಕ್ಕ. “ಬಿಡಿ, ಈ ಯಂತ್ರ ನಿಲ್ಲೋ ಜಾತಿದಲ್ಲ,” ಎಂದು ಪಟ್ಟಿಗೆ ಸಹಿ ಹಾಕಿದ. ಆಕೆ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾಗಿಲವರೆಗೆ ಯಾರೂ ಬರಲಿಲ್ಲ.

ಹತ್ತೊಂಬತ್ತನೆಯ ದಿನ, ಭಾನುವಾರ ಮಧ್ಯಾಹ್ನ, ಫುಟ್‌ಬಾಲ್ ಫೈನಲ್ಲಿನ ನಡುವೆ ತೆರೆ ಕಪ್ಪಾಯಿತು. ಯಂತ್ರ ಕ್ಷಮೆಯ ಸಾಲನ್ನು ಹುಡುಕಿತು. ಸಿಗದೆ ಅದರ ಹಿಂದಿನದನ್ನು ಹಿಡಿದುಕೊಂಡಿತು. ಕಪ್ಪು ತೆರೆಯ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಆಕೆಯ ಇಂಪಾದ ಧ್ವನಿ: ‘ನಮ್ಮೊಂದಿಗೇ ಇರಿ, ಒಳ್ಳೆಯದು ಇನ್ನೂ ಬರಲಿದೆ.’

“ಇಲ್ಲೇ ಕೂತಿದೀಯ, ಅಲ್ಲೂ ವಟಗುಟ್ತಿದೀಯಲ್ಲೇ!” ಎಂದರು ಅತ್ತೆ.

ಇಪ್ಪತ್ತು ನಿಮಿಷಕ್ಕೆ ನಿರ್ದೇಶಕನ ಫೋನು ಬಂತು. ಅವನ ಬೆನ್ನ ಹಿಂದೆ ಕಚೇರಿಯ ಹತ್ತಾರು ಫೋನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

“ಅಕ್ಕ, ಜನ ಬಾಯಿಗೆ ಬಂದಂಗೆ ಬೈತಿದಾರೆ. ಫೋನಲ್ಲೇ ಒಂದು ಸಾಲು ಹೇಳ್ಬಿಡಿ, ಹಾಕ್ಕೋತೀನಿ.”

“ಕುರ್ಚಿ ಖಾಲಿ ಇದೆಯಲ್ಲ. ಹೋಗಿ ಕೂತ್ಕೊ. ಹೇಗೆ ಹೇಳೋದು ಅಂತ ಕಲಿಸಿದೀನಿ.”

“ನಾನು ನಿರ್ದೇಶಕ ಅಕ್ಕ! ನನ್ನ ಮುಖ ತೋರಿಸ್ಲಾ?”

“ನನ್ನ ಮುಖ ಇಪ್ಪತ್ತೊಂಬತ್ತು ವರ್ಷ ತೋರಿಸಿದ್ರಿ,” ಎಂದು ಫೋನಿಟ್ಟಳು.

ಐದು ನಿಮಿಷದಲ್ಲಿ ಅವನು ತೆರೆಗೆ ಬಂದ. ಟೈ ವಾರೆಯಾಗಿತ್ತು, ಹಣೆ ಬೆವರಿತ್ತು. ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ, ಕೆಂಪು ದೀಪದ ಮೇಲಿತ್ತು. ‘ತಾಂತ್ರಿಕ ಕಾರಣಗಳಿಂದ...’ ಎಂದು ಶುರುಮಾಡಿ, ಅಡಚಣೆಗಾಗಿ ಕ್ಷಮೆ ಕೇಳಿ, ದೀಪ ಆರದ್ದರಿಂದ ಅಲ್ಲೇ ಕೂತ.

“ಪಾಪ, ಬೆವರ್ತಿದಾನೆ,” ಎಂದರು ಅತ್ತೆ. “ಚೆನ್ನಾಗೇ ಹೇಳಿದ, ಅಲ್ವಾ?”

“ಕೊನೇ ಅಕ್ಷರ ನುಂಗಿದ,” ಎಂದಳು ಆಕೆ. “ಇನ್ನೊಂದ್ಸಲ ಹೇಳಿಸ್ಬೇಕಿತ್ತು.”