ಹೊಸ್ತಿಲಿಗೆ ಅಡ್ಡ ಮಲಗಿದ ರಾಕ್ಯಾ

ಕಮಲಾಕ್ಷಿಬಾಯಿಗೆ ಆ ನಾಯಿಯನ್ನು ಕಂಡರೆ ಮೈ ಉರಿಯುತ್ತಿತ್ತು. ಕಳ್ಳರನ್ನು ಕಾಯುವ ನಾಯಿಯಾಗಿದ್ದರೆ ಸರಿ. ಇದು ಮನೆಯವರನ್ನೇ ಕಾಯುತ್ತಿತ್ತು! ಮಗಳು ತಾರಾಳ ಆಫೀಸಿನವನೊಬ್ಬ ಅಮೆರಿಕಕ್ಕೆ ಹೋಗುವಾಗ, ಬಾರ್ಡರ್ ಕೋಲಿ ಅಂದರೆ ಬಲು ಜಾಣ ಜಾತಿ ಎಂದು ಹೇಳಿ ಅದನ್ನು ಇವರ ಕೊರಳಿಗೆ ಕಟ್ಟಿದ್ದ. ಪರದೇಶದಲ್ಲಿ ತಲೆತಲಾಂತರದಿಂದ ಕುರಿಮಂದೆ ತಿರುಗಿಸಿದ ಜಾತಿಯಂತೆ. ಬಾಲಾನಗರದ ಮೂರು ಕೋಣೆಯ ಮನೆಗೆ ಕುರಿ ಎಲ್ಲಿಂದ ತರಬೇಕು? ಸಿಗದ ಕುರಿಗೆ ಕಾಯದೆ ರಾಕಿ ಎಂಬ ಈ ನಾಯಿ ಮನೆಯಲ್ಲಿದ್ದ ಮೂವರನ್ನೇ ಕುರಿ ಮಾಡಿಕೊಂಡಿತು.

ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ಬಾಲ್ಕನಿಯಲ್ಲಿ ಇದ್ದರೆ ಅದಕ್ಕೆ ತಡೆಯಲಾಗದು. ಹಿಂದಿನಿಂದ ಬಂದು ಹಿಮ್ಮಡಿಗೆ ಮೆಲ್ಲಗೆ ಹಲ್ಲು ತಾಗಿಸಿ ನಡುಮನೆಗೆ ಅಟ್ಟುತ್ತಿತ್ತು. ಮೂವರೂ ಒಂದೆಡೆ ಕೂತರೆ ಮಾತ್ರ ಸಮಾಧಾನ. ಬೆಳಿಗ್ಗೆ ತಾರಾಳನ್ನು ಮಾಧಾಪುರದ ಆಫೀಸಿಗೆ ಒಯ್ಯುವ ಕಂಪನಿ ಗಾಡಿ ಕೆಳಗೆ ಹಾರ್ನ್ ಹೊಡೆದರೆ, ರಾಕಿ ಹೊಸ್ತಿಲಿಗೆ ಅಡ್ಡ ಮಲಗುತ್ತಿತ್ತು. ತಾರಾ "ಸಾಕೋ ರಾಕ್ಯಾ" ಅಂದಾಗಲೇ ಏಳುವುದು. ಕಮಲಾಕ್ಷಿಬಾಯಿ ಅದೇ ಮಾತನ್ನು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಹೇಳಿ ಗಂಟಲು ಹರಿದುಕೊಂಡರೂ ಕಿವಿ ಸಹ ಅಲುಗಿಸುತ್ತಿರಲಿಲ್ಲ.

ವಿಮಾನದ ಉಪಕರಣಗಳ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದ ಗಂಡ ನರಹರಿ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

"ಜಾನೇ ದೇ, ಬಿಡು. ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ. ನೀ ಕಡಿಮಿ ಏನು? ಎಲ್ಲಾರೂ ಉಂಡು ಕೈ ತೊಳಿಯೂತನಕ ಬಾಗಿಲದಾಗ ನಿಂತಿರ್ತಿ."

"ನನ್ನನ್ನ ನಾಯಿಗೆ ಹೋಲಸ್ರಿ, ಅದೊಂದು ಬಾಕಿ ಇತ್ತು!"

ನಿಜವಾದ ಉರಿ ಬೇರೆಯೇ ಇತ್ತು. ತಾರಾಳಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಗಂಡು ಹುಡುಕಿಕೊಡುವ ಶಿವದೇವಿ ಐದು ಕಡೆಯವರನ್ನು ಕರೆತಂದಿದ್ದಳು. ಐದೂ ಕಡೆಯವರು ಉಪ್ಪಿಟ್ಟು ತಿಂದು, ಚಹಾ ಕುಡಿದು, "ಊರಿಗೆ ಹೋಗಿ ತಿಳಸ್ತೀವ್ರಿ" ಎಂದು ಚಪ್ಪಲಿ ಮೆಟ್ಟಿದ್ದರು. ಆಮೇಲೆ ಕಮಲಾಕ್ಷಿಬಾಯಿ ಫೋನನ್ನು ಬಚ್ಚಲುಮನೆಗೂ ಒಯ್ಯುತ್ತ ತಿಂಗಳುಗಟ್ಟಲೆ ಕಾದದ್ದೇ ಬಂತು. ಬೇಡ ಅನ್ನಲಿಕ್ಕೂ ಅವರ ಬಾಯಿಗೆ ಏನು ಬಡಿದಿತ್ತು?

ಆರನೆಯವರು ಹುಬ್ಬಳ್ಳಿಯವರು. ಹುಡುಗ ಶ್ರೀಹರ್ಷನಿಗೆ ಬೇಗಂಪೇಟೆಯಲ್ಲಿ ನೌಕರಿ. ಜೊತೆಗೆ ಅವನ ತಾಯಿ ಸುಭದ್ರಾಬಾಯಿ ಮತ್ತು ಕಾಕಾ. ಅವರು ಬರುವ ಮೊದಲೇ ಕಮಲಾಕ್ಷಿಬಾಯಿ ನಾಯಿಯನ್ನು ಹಿಂದಿನ ಬಾಲ್ಕನಿಗೆ ನೂಕಿ ಚಿಲಕ ಹಾಕಿದರು.

"ಇವತ್ತ ಏನರೆ ಕೆಡಿಸಿದಿ ಅಂದ್ರ, ನಾಳೆ ನಿನ್ನ ಶಾಮೀರ್‌ಪೇಟದಾಗ ಬಿಟ್ಟು ಬರ್ತೀನಿ. ಅಲ್ಲಿ ಖರೇನ ಕುರಿ ಕಾಯಕೋಂತ ಇರು!"

ಎಲ್ಲ ಚೆನ್ನಾಗಿಯೇ ನಡೆಯಿತು. ಸುಭದ್ರಾಬಾಯಿ ಶಿರಾ ಎರಡನೆಯ ಸಲ ಹಾಕಿಸಿಕೊಂಡರು. ಕಮಲಾಕ್ಷಿಬಾಯಿಯ ಜೀವ ಹಗುರಾಯಿತು. ಹೆಣ್ಣು ಒಪ್ಪದವರು ಶಿರಾ ಎರಡು ಸಲ ತಿನ್ನುತ್ತಾರೆಯೇ?

ಅಷ್ಟರಲ್ಲಿ ಆ ಕಾಕಾ, "ಗಾಳಿ ಹೆಂಗ ಬರತೈತಿ ನೋಡೂಣು" ಎಂದು ಹೋಗಿ ಬಾಲ್ಕನಿಯ ಚಿಲಕ ತೆಗೆದುಬಿಟ್ಟ. ರಾಕಿ ಒಳಗೆ ನುಗ್ಗಿತು. ಕಾಕಾ ಬಾಲ್ಕನಿಯಲ್ಲಿ, ಸುಭದ್ರಾಬಾಯಿ ದೇವರ ಕೋಣೆಯ ಮುಂದೆ, ಹುಡುಗ ಪುಸ್ತಕದ ಕಪಾಟಿನ ಹತ್ತಿರ. ಮಂದೆ ಹೀಗೆ ಚದುರಿದರೆ ಅದು ಸುಮ್ಮನಿದ್ದೀತೇ? ಕಣ್ಣು ಮಿಟುಕಿಸುವುದರೊಳಗೆ ಮೂವರನ್ನೂ ದಿವಾನಿನ ಮೇಲೆ ಕೂಡಿಹಾಕಿತು. ಸುಭದ್ರಾಬಾಯಿ ಸೀರೆ ಎತ್ತಿ ಹಿಡಿದು, ಕಾಲು ಮೇಲೆ ಮಡಚಿ ಕೂತರು.

"ಕಚ್ಚಂಗಿಲ್ರಿ, ಸಾಧು ಐತಿ" ಎಂದು ಕಮಲಾಕ್ಷಿಬಾಯಿ ನಕ್ಕಂತೆ ಮಾಡಿದರು. ಒಳಗೊಳಗೇ ನಾಯಿಯ ಮೂರು ತಲೆಮಾರನ್ನು ಬೈದರು.

"ಆತ್ರಿ, ಹೊರಡ್ತೀವಿ" ಎಂದು ಸುಭದ್ರಾಬಾಯಿ ಎದ್ದರು. "ಊರಿಗೆ ಹೋಗಿ ತಿಳಸ್ತೀವ್ರಿ."

ರಾಕಿ ಹೋಗಿ ಹೊಸ್ತಿಲಿಗೆ ಅಡ್ಡ ಮಲಗಿತು. ಕಾಕಾ ಒಂದು ಹೆಜ್ಜೆ ಇಟ್ಟ. ಅದು ತಲೆ ತಗ್ಗಿಸಿ ದಿಟ್ಟಿಸಿದ್ದೇ, ಮರಳಿ ಬಂದು ಕೂತ.

"ತಾರಾ, ಹೇಳವಾ ಅದಕ್ಕ!"

"ಹೇಳ್ತೀನವ್ವಾ." ತಾರಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. "ಊರಿಗೆ ಹೋಗಿ ತಿಳಸೂದನ್ನ ಇಲ್ಲೇ ತಿಳಿಸಿಬಿಡ್ರಿ. ಆಮ್ಯಾಲ ಹೇಳ್ತೀನಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು ಕಮಲಾಕ್ಷಿಬಾಯಿಗೆ. "ಹುಚ್ಚೀ, ಬಂದ ಮಂದಿಗೆ ಹಿಂಗ ಕೇಳ್ತಾರೇನ?" ಎಂದು ಗದರಿದರು. ನರಹರಿ ಮೊದಲ ಸಲ ಪೇಪರು ಮಡಚಿದರು, ಆದರೆ "ಜಾನೇ ದೇ" ಅನ್ನಲಿಲ್ಲ.

ಹುಡುಗ ತಾಯಿಯ ಮುಖ ನೋಡಿದ, ಆಮೇಲೆ ನೆಲ ನೋಡಿದ.

"ಅವರು ಕೇಳೂದು ಬರೋಬ್ಬರಿ ಐತ್ರಿ. ನನ್ನ ಲಗ್ನ ಹೋದ ವಾರನ ಬೆಳಗಾವ್ಯಾಗ ಗಟ್ಟಿ ಆಗೈತಿ. ಶಿವದೇವಿಯವರ ಮಾತು ಮುರೀಬಾರದು ಅಂತ ಬಂದಿವ್ರಿ."

ಎರಡು ದಿನ ಮನೆ ತೊಳೆದದ್ದು, ತುಪ್ಪದಲ್ಲಿ ರವೆ ಹುರಿದದ್ದು ಎಲ್ಲ ಕಮಲಾಕ್ಷಿಬಾಯಿಯ ಕಣ್ಣಮುಂದೆ ಬಂತು. ಆದರೂ ಒಳಗೆ ಹೋಗಿ ಭರಣಿ ತಂದು ಸುಭದ್ರಾಬಾಯಿಗೆ ಕುಂಕುಮ ಹಚ್ಚಿದರು. ಒತ್ತಿ ಹಚ್ಚಿದ್ದಕ್ಕೆ ಕುಂಕುಮ ಮೂಗಿನ ಮೇಲೂ ಉದುರಿತು.

"ಸಾಕೋ ರಾಕ್ಯಾ" ಎಂದಳು ತಾರಾ. ನಾಯಿ ಎದ್ದು ದಾರಿ ಬಿಟ್ಟಿತು.

ಅವರು ಹೋದ ಮೇಲೆ ತಾರಾ ಕೋಣೆ ಸೇರಿದಳು, ನರಹರಿ ಬಾಲ್ಕನಿಗೆ ಹೋದರು. ಕಮಲಾಕ್ಷಿಬಾಯಿ ನಲ್ಲಿ ಬಿಟ್ಟುಕೊಂಡು ಪಾತ್ರೆಗಳ ಮುಂದೆ ಅತ್ತರು. ರಾಕಿ ಬಿಟ್ಟೀತೇ? ಮೂವರನ್ನೂ ಒಬ್ಬೊಬ್ಬರಾಗಿ ಅಟ್ಟಿಕೊಂಡು ಬಂದು ದಿವಾನಿನ ಮೇಲೆ ಕೂರಿಸಿ, ಕಾಲಬುಡದಲ್ಲಿ ಮಲಗಿತು. ಉಳಿದ ಶಿರಾವನ್ನು ಮೂವರೂ ಪಾತೇಲಿಯಿಂದಲೇ ತಿಂದರು.

"ಶಿರಾ ಭಾಳ ಛಲೋ ಆಗೈತಿ" ಎಂದರು ನರಹರಿ.

"ಸುಮ್ನ ತಿನ್ರಿ."

ಆ ಸಲ ಫೋನು ಇದ್ದಲ್ಲೇ ಇತ್ತು. ಕಮಲಾಕ್ಷಿಬಾಯಿ ಅದನ್ನು ಎಲ್ಲಿಗೂ ಒಯ್ಯಲಿಲ್ಲ.

ಎಂಟು ದಿನಕ್ಕೆ ಶಿವದೇವಿಯ ಫೋನು ಬಂತು. "ಗುಲಬರ್ಗಾದವರು ಬರ್ತಾರಂತ್ರಿ. ನಾಯಿ ಸುದ್ದಿ ಎಲ್ಲಾ ಕಡೆ ಹಬ್ಬೇತಿ. ಅದನ್ನೊಂದು ಗಟ್ಟ್ಯಾಗಿ ಕಟ್ಟಿಹಾಕ್ರಿ."

ಬೆಳಿಗ್ಗೆ ರಾಕಿ ಹಲ್ಲು ತಾಗಿಸಿದ್ದ ಹಿಮ್ಮಡಿ ಇನ್ನೂ ಚುರುಗುಟ್ಟುತ್ತಿತ್ತು. ಕಮಲಾಕ್ಷಿಬಾಯಿ ಬಗ್ಗಿ ಅದನ್ನು ತಿಕ್ಕಿಕೊಂಡರು.

"ಬರಲಿ ಬಿಡ್ರಿ," ಎಂದರು. "ನಾಯಿ ಕಟ್ಟಂಗಿಲ್ಲ ಅಂತ ಮೊದಲ ಹೇಳಿ ಕರಕೊಂಡ ಬರ್ರಿ."