ಲಿಂಗ ಹಿಡಿದ ಕೈಯ ನೋವು

ಉಸಿರು ಕೊಟ್ಟ ಪರಶಿವನಿಗೂ, ಅಕ್ಷರ ಕಲಿಸಿದ ಗುರುವಿಗೂ, ಸಕಾಲದಲ್ಲಿ ಪ್ರಶ್ನೆ ಕೇಳುವ ಬುದ್ಧಿಯನ್ನು ಕಿರಿಯರಿಗೆ ಅನುಗ್ರಹಿಸಿದ ಕರುಣೆಗೂ ಮೊದಲು ಶರಣೆನ್ನುತ್ತೇನೆ.

ಸಿರುಗುಪ್ಪದ ನಮ್ಮ ಮನೆಯಲ್ಲಿ ನನ್ನ ಮಡದಿ ಪ್ರತಿ ಮುಂಜಾನೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಎದೆಮಟ್ಟಕ್ಕೆ ಹಿಡಿದು ಬಹಳ ಹೊತ್ತು ಪೂಜಿಸುವಳು. ಪೂಜೆ ಮುಗಿಯುವವರೆಗೆ ಹನಿ ನೀರೂ ಇಲ್ಲ. ಆದ್ದರಿಂದ ಎಡತೋಳು ಸೆಳೆಯುತ್ತದೆಂದು ಆಕೆ ಹೇಳತೊಡಗಿದಾಗ ಮನೆಮಂದಿಯೆಲ್ಲ ಅದನ್ನು ಪೂಜೆಯ ಶ್ರಮವೆಂದೇ ತಿಳಿದೆವು. ಮೆಟ್ಟಿಲೇರುವಾಗಿನ ಏದುಸಿರು ವಯಸ್ಸಿನ ಲೆಕ್ಕಕ್ಕೆ ಸೇರಿತು. ಆಕೆಯ ಹಳೆಯ ಸಕ್ಕರೆ ಕಾಯಿಲೆಯನ್ನು ಇವುಗಳೊಡನೆ ಕೂಡಿಸಿ ಯಾರೂ ನೋಡಲಿಲ್ಲ.

"ತುಸು ಹೊತ್ತು ಕಮ್ಮಿ ಮಾಡಬಾರದೇನು?" ಎಂದರೆ, "ಹಗಲೆಲ್ಲಾ ಪುಸ್ತಕ ಹಿಡಿದ ನಿಮ್ಮ ಕೈ ನೋಯಂಗಿಲ್ಲ, ಶಿವನ್ನ ಹಿಡಿದ ನನ್ನ ಕೈಗೇನಾಗ್ತೈತ್ರಿ?" ಎಂದು ನಗುತ್ತಿದ್ದಳು.

ಒಂದು ಸೋಮವಾರ ಸ್ನಾನ ಮುಗಿಸಿ ಬಂದವಳು ಪೂಜೆಗೆ ಕೂಡದೆ ಕಂಬಕ್ಕೆ ಒರಗಿದಳು. ಹಣೆಯ ಮೇಲೆ ತಣ್ಣನೆಯ ಬೆವರು, ಜೊತೆಗೆ ಓಕರಿಕೆ. ಎದೆನೋವಿಲ್ಲವೆಂದಳು, ದವಡೆ, ಬೆನ್ನು, ತೋಳು ಬಿಗಿಯುತ್ತಿವೆಯೆಂದಳು.

"ಪಿತ್ತ ಇರಬೇಕು. ಪೂಜಿ ಆದಮ್ಯಾಲೆ ಜೀರಿಗಿ ಕಷಾಯ ಕೊಡವ್ವಾ" ಎಂದೆ ಸೊಸೆಗೆ.

ಅವಳು ಅಲ್ಲಾಡಲಿಲ್ಲ. "ಮಾವಾರ, ಅತ್ತಿ ಇವತ್ತು ಇನ್ನೂ ಲಿಂಗಾನ ಹಿಡಿದಿಲ್ಲಲ್ರಿ. ಮತ್ತ ಕೈ ಯಾಕ ನೋಯಾಕತ್ತೈತಿ?"

ಕಷಾಯದ ಮಾತು ಅಲ್ಲಿಗೇ ನಿಂತಿತು. ಮಗ ಕಾರು ತೆಗೆದ.

ಹತ್ತಿರದ ದವಾಖಾನೆಯಲ್ಲಿ ಇಸಿಜಿ ನೋಡಿದ ವೈದ್ಯೆ, "ಹಾರ್ಟ್ ಅಟ್ಯಾಕ್ ಐತ್ರಿ. ಹೆಣ್ಮಕ್ಕಳಿಗೆ ಕೆಲವು ಸಲ ಎದಿನೋವು ಇಲ್ದನೂ ಹಿಂಗ ಬರ್ತೈತಿ. ಈ ಗುಳಿಗಿ ಅಗಿದು ನುಂಗ್ರಿ, ಆಂಬುಲೆನ್ಸ್‌ನ್ಯಾಗ ಬಳ್ಳಾರಿಗೆ ಹೊಂಡ್ರಿ" ಎಂದರು.

ಮಡದಿ ತುಟಿ ಬಿಗಿದಳು. "ಪೂಜಿ ಆಗಿಲ್ಲ. ಬಾಯಾಗ ಏನೂ ಹಾಕ್ಕೊಳ್ಳಂಗಿಲ್ಲ."

ಶಾಸ್ತ್ರ ಓದಿದವನೆಂದು ಎಲ್ಲರೂ ನನ್ನತ್ತ ತಿರುಗಿದರು. ಆಕೆಯ ಕೊರಳಿನ ಬೆಳ್ಳಿ ಕರಡಿಗೆಯನ್ನು ತೆರೆದು ಲಿಂಗವನ್ನು ಆಕೆಯ ಎಡ ಅಂಗೈಯಲ್ಲಿಟ್ಟೆ. ಅದು ಜಾರದಂತೆ ಕೆಳಗೆ ನನ್ನ ಕೈಯಿಟ್ಟೆ. ಆಕೆಯ ಹಣೆಗೆ ವಿಭೂತಿ ಹಚ್ಚಿ, ಗುಳಿಗೆಯನ್ನು ಲಿಂಗಕ್ಕೆ ಮುಟ್ಟಿಸಿ, "ಪೂಜಿ ಆತು. ಇದು ಪ್ರಸಾದ" ಎಂದೆ.

"ನಿಮ್ಮ ಶಾಸ್ತ್ರದಾಗ ಐತೇನ್ರಿ ಹಿಂಗ?"

"ಇಲ್ಲದಿದ್ರ ಇವತ್ತಿನಿಂದ ಐತಿ."

ಆಕೆ ಬಾಯಿ ತೆರೆದಳು.

ಆಂಬುಲೆನ್ಸ್ ತೆಕ್ಕಲಕೋಟೆ ದಾಟುವಾಗ ನನ್ನ ಹಿಡಿತದಲ್ಲಿದ್ದ ಕೈ ಮಂಜಿನಂತೆ ತಣ್ಣಗಾಯಿತು. ಕರೆದರೆ ರೆಪ್ಪೆ ಮಾತ್ರ ಅಲುಗುತ್ತಿತ್ತು. ಪಂಚಾಕ್ಷರಿ ನನ್ನ ನಾಲಗೆಯಲ್ಲಿ ತಡವರಿಸಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಕರೆದೊಯ್ದು ಮುಚ್ಚಿದ ಬಾಗಿಲು ಮತ್ತೆ ತೆರೆಯುವವರೆಗೆ ನಾನು ಕೂಡಲಿಲ್ಲ. ಮುಚ್ಚಿದ್ದ ರಕ್ತನಾಳ ಬಿಡಿಸಿದೆವು, ಜೀವಕ್ಕೆ ಭಯವಿಲ್ಲವೆಂದರು ಅಲ್ಲಿಯ ವೈದ್ಯರು.

ನೋಡಲು ಬಂದ, ಕುರುಗೋಡಿನಲ್ಲಿರುವ ಮಡದಿಯ ಅಕ್ಕ, ತಮ್ಮ ತಾಯಿ "ಪಿತ್ತವೇರಿ" ತೀರಿದ ಮುಂಜಾನೆಯೂ ಇದೇ ಬೆವರಿತ್ತೆಂದು ನೆನೆದರು. ಸೊಸೆ ಕೇಳಿಸಿಕೊಂಡವಳೇ, "ದೊಡ್ಡತ್ತಿ, ಏಳ್ರಿ" ಎಂದು ಬಿಪಿ, ಸಕ್ಕರೆ ಪರೀಕ್ಷೆಗೆ ಅವರನ್ನು ಎಬ್ಬಿಸಿಕೊಂಡು ಹೋದಳು.

ಪ್ರಶ್ನೆ ಕೇಳಿದ ಆ ಸೊಸೆಗೆ, ಗುರುತಿಸಿದ ವೈದ್ಯೆಗೆ, ದಾರಿ ಸವೆಸಿದ ಚಾಲಕನಿಗೆ, ನೋವನ್ನು ನೋವೆಂದು ಹೇಳಿಕೊಂಡ ನನ್ನ ಮಡದಿಗೆ ಶಿವನು ದೀರ್ಘಾಯುಷ್ಯ ಕೊಡಲಿ.